ಒಂದು ಗೇಣು

ಕಲಬುರಗಿ ಬಿಸಿಲಿಗೆ ನಮ್ಮ ಸೋಫಾ
ತೊಗಲು ಬಿಡ್ಲಕತ್ತದ.
ತೊಗಲೆಲ್ಲಿದು, ರೆಗ್ಜಿನ್ನು.
ಸುಪರ್ ಮಾರ್ಕೆಟ್ಟಿನವ ಮಾತ್ರ
"ಅಸಲೀ ಮಾಲ್ ಅಕ್ಕಾ" ಅಂದಿದ್ದ.

ಕೂತೆದ್ದವರ ಅಂಗಿಗೆಲ್ಲ ಕರೀ ಹೊಟ್ಟು.
ಚೀಟಿ ರೊಕ್ಕಕ್ಕ ಬಂದ ಮಾಣಿಕಪ್ಪ
ಬೆನ್ನಮ್ಯಾಲೆ ಯಾವುದೋ ದೇಶದ ನಕಾಶಿ ಹೊತ್ಕೊಂಡು ಹೋದ.

ಐತವಾರ ಹಿಡಿದೆ ಕೆಲಸ.
ಸಡಿಲಾದದ್ದು ಕೆರೆದು, ಸ್ಪಿರಿಟ್ ಒರೆಸಿ,
ಮುರುಕು ಛತ್ರಿ ಅರಿವಿ ಕತ್ತರಿಸಿ ಒಳಗ ತುರುಕಿ,
ಅಂಟು ಸವರಿ, ಚಮಚದ ಬೆನ್ನಿಲೆ ತಿಕ್ಕಿ,
ಮ್ಯಾಲೆ ಕರೀ ಬಣ್ಣ ಮೂರು ಕೈ.
ಒಣಗೋ ಚಿಂತಿಲ್ಲ ಈ ಊರಾಗ.

ಬಲಗೈ ಕಡಿ ಬಂದಾಗ ತಿಳೀತು:
ಇದು ತಾನಾಗೇ ಎದ್ದದ್ದಲ್ಲ.
ಉಗುರಿನ ಗುರುತು.
ಅತ್ತಿ ತಂಗೆಮ್ಮ ಮಧ್ಯಾಹ್ನ ಕೂಡೋ ಜಾಗ.
ಗಂಜಿನ ದಾಲ್ ಮಿಲ್ಲಿನಾಗ
ಇಪ್ಪತ್ತೆಂಟು ವರ್ಷ ತೊಗರಿಬ್ಯಾಳಿ ಹಸನ ಮಾಡಿದಾಕಿ.
ಬಾಯಿ ಸುಮ್ಮನ ಕೂಡತದ,
ಬೆರಳು ಕೂಡಂಗಿಲ್ಲ.

ಗಾದಿ ಎತ್ತಿದೆ.
ಕೆಳಗ ಡಬ್ಬಿ ಮುಚ್ಚಳದಾಗ
ಕಿತ್ತ ಚೂರೆಲ್ಲ ಬ್ಯಾರೆ ಬ್ಯಾರೆ:
ದಪ್ಪನೂವು ಒಂದು ಕಡಿ, ಸಣ್ಣೂವು ಒಂದು ಕಡಿ,
ನುಚ್ಚು ಅಂಚಿಗೆ.

ಬಣ್ಣ ಇನ್ನೂ ಉಳಿದಿತ್ತು.
ಆ ತೋಳಿನ ಒಳಮಗ್ಗಲು
ಒಂದು ಗೇಣು ಹಂಗೇ ಬಿಟ್ಟೆ.

ಮುಚ್ಚಳ ಇದ್ದಲ್ಲೇ ಇಟ್ಟೆ,
ಗಾಳಿಗಿ ಹಾರದಂಗ.