ಕೆರೆಯ ಮೇಲೆ ನಾಲ್ಕು ನಿಮಿಷ

ಬೆಳಿಗ್ಗೆ ಆರಕ್ಕೇ ಹಾಜರಿ. ಲಾರಿ ಬರುವುದು ಎಂಟೂವರೆಗೆ.
ನಡುವಿನ ಎರಡೂವರೆ ಗಂಟೆ ಯಾರ ಲೆಕ್ಕಕ್ಕೂ ಇಲ್ಲ.
ಕೋಲಾರದ ಬಂಗಾರಪೇಟೆ ರಸ್ತೆ, ಗೋಡೌನಿನ ಶಟರು,
ಹನ್ನೊಂದು ಜನ, ಹನ್ನೊಂದು ಗಾಡಿ,
ಒಂದೇ ಸ್ಕ್ಯಾನರು. ಅದಕ್ಕೂ ಚಾರ್ಜು ನಿಲ್ಲುವುದಿಲ್ಲ.
ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದರೆ
ಒಮ್ಮೊಮ್ಮೆ ಕಣ್ಣು ಬಿಡುತ್ತದೆ.

ಮೊದಲು ಕೊಡಬೇಕಾದ ಡಬ್ಬ ಚೀಲದ ತಳದಲ್ಲಿ,
ಕೊನೆಯದು ಮೇಲೆ. ಯಾಕೆ ಸಾರ್ ಅಂದರೆ
"ಸಿಸ್ಟಮ್ಮು ಹಂಗೇ ಕೊಡತ್ತಪ್ಪ" ಅಂತಾರೆ ಸೂಪರ್‌ವೈಸರು.
ಸಿಸ್ಟಮ್ಮನ್ನು ನಾನು ಕಂಡಿಲ್ಲ. ಅವರೂ ಕಂಡಿಲ್ಲ.
ಕಂಡವರು ಎಲ್ಲಾದರೂ ಇದ್ದರೆ
ಒಂದು ದಿನ ಅವರಿಗೆ ಈ ಚೀಲ ಹೊರಿಸಬೇಕು.

ಪ್ರತಿ ಬಾಗಿಲಲ್ಲೂ ಅದರ ಹೊಟ್ಟೆ ಬಗೆದು
ಕರುಳು ಹೊರಗೆ, ಕರುಳು ಒಳಗೆ.
ಮಂಗಳವಾರ ಹಾಗೆ ಹರಡಿಕೊಂಡು ಕೂತಾಗ
ನಾಯಿಯೊಂದು ಯಾರದೋ ಹೊಸ ಚಪ್ಪಲಿ ಕಚ್ಚಿಕೊಂಡು ಓಡಿತು.
ಒಂದು ಕಾಲಿನದು.
ಎರಡೂ ಕಾಲಿನ ದುಡ್ಡು ನನ್ನ ಸಂಬಳದಲ್ಲಿ.

"ಹುಣಸೇಮರದ ಎದುರು" ಅಂತ ವಿಳಾಸ;
ಮರ ರಸ್ತೆಗೆ ಹೋಗಿ ಆರು ವರ್ಷ.
"ಗಂಗುಲಪ್ಪನ ಅಂಗಡಿ ಪಕ್ಕ". ಅಂಗಡಿ ಇದೆ, ಗಂಗುಲಪ್ಪ ಇಲ್ಲ,
ಈಗಿರುವವನಿಗೆ ಆ ಹೆಸರೆತ್ತಿದರೆ ಉರಿ.
ಓಟಿಪಿ ಹೋಗುವುದು ನರಸಾಪುರದ ಫ್ಯಾಕ್ಟರಿಯಲ್ಲಿರುವ ಸೊಸೆಗೆ,
ಅವಳ ಫೋನು ಗೇಟಿನ ಹೊರಗೆ.
ಬಾಗಿಲಲ್ಲಿ ನಿಂತ ಅತ್ತೆ ಬಾಯಿಗೆ ಬಂದ ನಾಲ್ಕು ಅಂಕಿ ಹೇಳಿ
"ಆಗಲ್ವಾ? ಇನ್ನೂ ನಾಲ್ಕು ಹೇಳ್ತೀನಿ, ತಗೋ" ಅನ್ನುತ್ತಾಳೆ.

ಇರಲಿ. ಹೇಳಬೇಕೆಂದಿದ್ದು ಕೆರೆಯ ವಿಷಯ.

ನಾನು ಹುಟ್ಟಿದಾಗಿನಿಂದ ಅದಕ್ಕೆ ನೀರಿರಲಿಲ್ಲ.
ಜಾಲಿ, ಕ್ರಿಕೆಟ್ಟು, ಇಟ್ಟಿಗೆ ಗೂಡು,
ನಟ್ಟನಡುವೆ ಬೈಕಿನ ಜಾಡು: ಆಚೆ ಊರಿಗೆ ನಾಲ್ಕು ನಿಮಿಷ.
ಯಾರೋ ಆ ಜಾಡನ್ನು ಮ್ಯಾಪಿಗೆ ಏರಿಸಿದರು.
ಆಮೇಲೆ ಬೆಂಗಳೂರು ಮೈ ತೊಳೆದು ಬಿಟ್ಟ ನೀರು
ಸೋಸಿಕೊಂಡು, ಪೈಪು ಹತ್ತಿ, ನಮ್ಮ ಕಡೆ ಬಂತು.
ತಾನು ಕೆರೆಯೆಂದು ಕೆರೆಗೆ ನೆನಪಾಯಿತು.
ಮ್ಯಾಪಿಗೆ ಇನ್ನೂ ಆಗಿಲ್ಲ.

ಸುತ್ತಿ ಹೋದರೆ ಒಂಬತ್ತು ಕಿಲೋಮೀಟರು,
ಪೆಟ್ರೋಲು ಕೊಡುವುದು ಒಂದೂಕಾಲಕ್ಕೆ.
ದೂರು ಕೊಟ್ಟೆ. ಫೋಟೋ ಕಳಿಸು ಅಂದರು.
ಕಳಿಸಿದೆ: ನೀರು, ಎರಡು ಕೊಕ್ಕರೆ.
"ಫೋಟೋದಲ್ಲಿ ರಸ್ತೆ ಕಾಣುತ್ತಿಲ್ಲ, ಸರಿಯಾಗಿ ತೆಗೆಯಿರಿ."

ನಿನ್ನೆ ಮೂರನೇ ಸಲ ಅದೇ ಡಬ್ಬ.
ಈ ಸಲವೂ ತಡವಾದರೆ ವಾಪಸ್ಸು, ತಪ್ಪು ನನ್ನ ಹೆಸರಿಗೆ.
ನೀರಿನಂಚಿಗೆ ಬೈಕು ನಿಲ್ಲಿಸಿ ಫೋನು ಮಾಡಿದೆ.
ಆಚೆ ದಡದಲ್ಲಿ ಒಬ್ಬ ಕೈ ಬೀಸಿ
ಥರ್ಮಾಕೋಲಿನ ತೆಪ್ಪ ನೂಕಿಕೊಂಡು ಬಂದ. ಬೆಸ್ತರ ಕದಿರಪ್ಪ.
"ಕೊಡಪ್ಪ" ಅಂದ.
ಕೊಡೋ ಹಾಗಿಲ್ಲಣ್ಣ, ಈ ನೀಲಿ ಚುಕ್ಕಿ ನಿನ್ನ ಮನೆ ಮುಟ್ಟಬೇಕು,
ಇಲ್ಲದಿದ್ದರೆ ಬಟನ್ನು ಒತ್ತಿಸಿಕೊಳ್ಳಲ್ಲ.
ಕದಿರಪ್ಪ ಚುಕ್ಕಿಯನ್ನು ನೋಡಿದ, ನನ್ನನ್ನು ನೋಡಿದ.
"ರಾ, ಎಕ್ಕು" ಅಂದ.

ಚಪ್ಪಲಿ ಹ್ಯಾಂಡಲಿಗೆ ಸಿಕ್ಕಿಸಿ ಹತ್ತಿದೆ.
ನನಗೆ ಈಜು ಬರುವುದಿಲ್ಲ. ಕಲಿಯಲು ನೀರೆಲ್ಲಿತ್ತು?
ಅಂಗೈಯಲ್ಲಿ ಚುಕ್ಕಿ ಗೆರೆ ತಪ್ಪದೆ ಹೋಯಿತು,
ಮುಳುಗಿದ ಜಾಲಿಯ ನೆತ್ತಿಯ ಮೇಲೆ,
ನಾವು ಸ್ಟಂಪು ನೆಟ್ಟಿದ್ದ ಜಾಗದ ಮೇಲೆ.
"ನೇರ ಹೋಗಿ" ಅಂದಳು ಫೋನಿನವಳು.
ಮೊದಲ ಸಲ ಅವಳಿಗೆ ಹೂಂ ಅಂದೆ.

ಡಬ್ಬದಲ್ಲಿದ್ದದ್ದು ಬಲೆ, ಹಸಿರು ನೈಲಾನಿನದು.
ಕದಿರಪ್ಪ ಒಂದು ಗಂಟನ್ನು ಹಲ್ಲಲ್ಲಿ ಕಚ್ಚಿ ನೋಡಿ
ಕಣ್ಣು ಸಣ್ಣದಾಯ್ತು ಅಂದ. ಆದರೂ ಇಟ್ಟುಕೊಂಡ.

ಫೋನು ಕಿಣಿ ಅಂದಿತು: ಸಮಯಕ್ಕೆ ಸರಿಯಾಗಿ, ಶಾಭಾಷ್.
ಮುಂದಿನ ಮನೆ ಎರಡು ನಿಮಿಷ, ಬೈಕಿನಲ್ಲಿ.
ಬೈಕು ಆಚೆ ದಡದಲ್ಲಿ, ನಲವತ್ತೆರಡು ಡಬ್ಬ ಹೊತ್ತು,
ಬೆಂಕಿಕಡ್ಡಿಯಷ್ಟು ಕಾಣುತ್ತಿತ್ತು.
ಕದಿರಪ್ಪ ಬಲೆ ಬಿಡಿಸುತ್ತ ಕೂತಿದ್ದ.
ಅವನಿಗೇನೂ ಅವಸರವಿರಲಿಲ್ಲ.