ತೂಗಾಟ ನಿಲ್ಲುವ ತನಕ

ಗ್ದಿನ್ಯಾ ಬಂದರಿನ ಏಳನೇ ಕ್ರೇನನ್ನು
ನಾನು ಮೊದಲ ಸಲ ಹತ್ತಿದ ದಿನ
ಕೆಳಗಿದ್ದ ಗಂಡಸರು ಅಂದರಂತೆ:
ಯಾದ್ವಿಗಾಳಿಗೆ ತಲೆ ತಿರುಗಿದೆ.

ತಿರುಗಿರಲಿಲ್ಲ.
ಹತ್ತೊಂಬತ್ತು ವರ್ಷ, ನಲವತ್ತು ಮೀಟರು ಮೇಲೆ,
ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ಬಾಲ್ಟಿಕ್ ಗಾಳಿ,
ಅದರ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಹಳದಿ ಹೆಲ್ಮೆಟ್ಟುಗಳು.
ಉಪ್ಪಿನ ಸೌತೆ ಕಚ್ಚಿ, ಕೈ ಒರೆಸಿಕೊಂಡು,
ಮೂವತ್ತು ಟನ್ನಿನ ಪೆಟ್ಟಿಗೆಗಳನ್ನು
ಹಡಗಿನ ಹೊಟ್ಟೆಯಲ್ಲಿ ಹೊಂದಿಸಿಟ್ಟಿದ್ದೇನೆ.

ತಿರುಗಿದ್ದು ಮಂಚದಲ್ಲಿ.
ಮಾರ್ಚ್ ತಿಂಗಳ ಒಂದು ಮಂಗಳವಾರ, ಅಲಾರಂ ಆರಿಸಲೆಂದು
ಬಲಕ್ಕೆ ಹೊರಳಿದೆ, ಅಷ್ಟೇ.
ಬೀರು ಕಿಟಕಿಯ ಹಿಂದೆ ಓಡಿತು,
ಕಿಟಕಿ ದೀಪದ ಹಿಂದೆ, ದೀಪ ಬೀರುವಿನ ಹಿಂದೆ.
ಹಾಸಿಗೆಯ ಅಂಚು ಹಿಡಿದೆ
ಹಡಗು ಒಡೆದವಳು ಹಲಗೆ ಹಿಡಿದ ಹಾಗೆ.

ಫೋರ್‌ಮನ್ ಫೋನಿನಲ್ಲಿ ಕೆಮ್ಮಿದ:
ಸಹಿಯಿಲ್ಲದೆ ಏಣಿ ಮುಟ್ಟಬೇಡ.

ಮ್ಯೆಶ್ಕೊ, ಫಿಸಿಯೋಥೆರಪಿಯ ಹುಡುಗ, ನನ್ನ ಮಗನ ವಯಸ್ಸು.
"ಕಿವಿಯೊಳಗೆ ಸುಣ್ಣದ ಹರಳು, ಧೂಳಿನಷ್ಟು.
ಇರಬೇಕಾದ ಕೋಣೆ ಬಿಟ್ಟು ಪಕ್ಕದ ಓಣಿಗೆ ಬಿದ್ದಿವೆ," ಎಂದ.
ಔಷಧ?
"ಇಲ್ಲ."
ಸೂಜಿ?
"ಇಲ್ಲ. ಭೂಮಿ ಎಳೆಯುತ್ತದಲ್ಲ, ಅದೇ ಸಾಕು."

ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ
ಥಟ್ಟನೆ ಬೆನ್ನ ಮೇಲೆ ಮಲಗಿಸಿದ, ಕತ್ತು ಅಂಚಿನಾಚೆ ಇಳಿಬಿದ್ದು.
ಛಾವಣಿ ಬುಗುರಿಯಾಯಿತು.
"ಕಣ್ಣು ಮುಚ್ಚಬೇಡಿ ಪಾನಿ ಯಾದ್ವಿಗಾ, ನನಗೆ ಅವು ಬೇಕು."
ನನ್ನ ಕಣ್ಣುಗುಡ್ಡೆ ಅದುರುವುದನ್ನು ಅವನು ಓದುತ್ತಿದ್ದ
ನಾನು ಗಾಳಿಮಾಪಕದ ಮುಳ್ಳು ಓದುವ ಹಾಗೆ.
ಬೈದೆ. ಬಂದರಿನಲ್ಲಿ ಕಲಿತದ್ದೆಲ್ಲ ಬೈದೆ.
ಅವನು ತಲೆ ಬಿಡಲಿಲ್ಲ. "ಕಾಯೋಣ," ಎಂದ.

ಆಗ ಗೊತ್ತಾಯಿತು, ಇದು ನನ್ನದೇ ಕಸುಬು.
ಪೆಟ್ಟಿಗೆ ತೂಗುತ್ತಿರುವಾಗಲೇ ಇಳಿಸುವವನು ಹೊಸಬ.
ತಂತಿ ನೆಟ್ಟಗಾಗಲಿ, ತೂಗಾಟ ನಿಲ್ಲಲಿ,
ಆಮೇಲೆ ಒಂದು ಗೇಣು.
ಎಡಕ್ಕೆ ತಿರುಗಿಸಿದ. ಕಾದ.
ಮಗ್ಗುಲಿಗೆ ಹೊರಳಿಸಿದ, ಮೂಗು ನೆಲಕ್ಕೆ. ಕಾದ.
ಎಬ್ಬಿಸಿ ಕೂರಿಸಿದ.
ಎಲ್ಲೋ ಒಳಗೆ, ನನಗೇ ಕೇಳದ ಹಾಗೆ,
ಪೆಟ್ಟಿಗೆ ಅದರ ಜಾಗದಲ್ಲಿ ಕೂತಿರಬೇಕು.

ಪೂರ್ತಿ ಕೂತಿಲ್ಲ.
ಈಗ ಮನೆಪಾಠ: ಗೋಡೆಗೆ ಅಂಟಿಸಿದ ಒಂದು ಅಕ್ಷರ,
ಅದನ್ನೇ ದಿಟ್ಟಿಸುತ್ತ ತಲೆ ಅತ್ತಿತ್ತ ಆಡಿಸಬೇಕು, ಅಕ್ಷರ ಓಡಬಾರದು.
ಸ್ಪಂಜಿನ ಮೇಲೆ ಪಾದ ಜೋಡಿಸಿ, ಕಣ್ಣು ಮುಚ್ಚಿ,
ಮೂವತ್ತರವರೆಗೆ ಎಣಿಸಬೇಕು.
ಅಡುಗೆಮನೆಯಲ್ಲಿ ಇಲ್ಲ ಇಲ್ಲ ಎಂದು ತಲೆಯಾಡಿಸುವ ನನ್ನನ್ನು ಕಂಡು
ಎದುರು ಕಟ್ಟಡದ ಮುದುಕಿ ತಾನೂ ಇಲ್ಲವೆಂದು ಆಡಿಸುತ್ತಾಳೆ.
ಏನು ಇಲ್ಲವೆಂದು ಇಬ್ಬರಿಗೂ ಗೊತ್ತಿಲ್ಲ.

ಇವತ್ತೂ ಇಪ್ಪತ್ತೆರಡಕ್ಕೇ ವಾಲಿದೆ.
ಫ್ರಿಜ್ಜು ಹಿಡಿದುಕೊಂಡಿತು.

ಕಿಟಕಿಯಲ್ಲಿ ಏಳನೇ ಕ್ರೇನು ಕಾಣುತ್ತದೆ.
ಒಳಗೆ ಯಾರೋ ಹೊಸ ಹುಡುಗ. ಪೆಟ್ಟಿಗೆ ಇನ್ನೂ ತೂಗುತ್ತಿದೆ.
ಅವಸರ ಬೇಡ ಕಣೋ, ಎನ್ನುತ್ತೇನೆ ಗಾಜಿಗೆ.
ಮತ್ತೆ ಸ್ಪಂಜು ಹತ್ತಿ
ಒಂದರಿಂದ ಎಣಿಸುತ್ತೇನೆ.