ಕೊರಳ ಅಳತೆ

ಮೊದಲು ಹೋದದ್ದು ದನಿ.
ಭೀಮಾ ಬ್ರಿಜ್ ದಾಟಿ "ಯಾರ್ರಿ ಟಿಕೆಟ್" ಅಂದೆ,
ಯಾರೋ ಗಂಡಸು ನನ್ನೊಳಗ ಕುಂತು ಕೆಮ್ಮಿದಂಗ ಕೇಳಸ್ತು.
ಹಿಂದಿನ ಸೀಟಿನ ಕಾಲೇಜ್ ಹುಡುಗರು ನಕ್ಕರು.
ನಾನೂ ನಕ್ಕೆ. ಹದಿನಾಲ್ಕು ವರ್ಷ ಒದರಿದ ಗಂಟಲು,
ತುಸು ರಜೆ ಕೇಳಿರಬೇಕು ಅಂದ್ಕೊಂಡೆ.

ಆಮ್ಯಾಲ ಚಳಿ.
ಮೇ ತಿಂಗಳು, ಯಾದಗಿರಿ, ಬಸ್ಸಿನ ಸರಳು ಮುಟ್ಟಿದ್ರ ಚುರ್ ಅಂತದ,
ನಾ ಖಾಕಿ ಮ್ಯಾಲ ಸ್ವೆಟರ್ ಹಾಕ್ಕೊಂಡು ನಿಂತೀನಿ.
"ಅಕ್ಕಾ, ನಿಮ್ಮ ಬಸ್ಸಿನಾಗ ಏಸಿ ಅದ ಏನ್ರಿ" ಅಂದ ಒಬ್ಬ.
ಶಹಾಪುರದ ಗುಡ್ಡ ಮನುಷ್ಯಾ ಅಂಗಾತ ಮಲಗಿದಂಗ ಕಾಣ್ತದಲ್ಲ,
ದಿನಾ ಎರಡು ಸಲ ಅದನ್ನ ನೋಡಿ ನನಗ ಹೊಟ್ಟೆಕಿಚ್ಚು.

ಡಾಕ್ಟರ್ ಸಾಹೇಬ್ರ ಬಲ್ಲಿ ಮೂರು ಸಲ ಹೋದೆ.
ಕುರ್ಚಿ ಬಿಸಿ ಆಗೂದ್ರೊಳಗ ಚೀಟಿ ಕೈಗೆ ಬರ್ತಿತ್ತು.
ಮೊದಲನೇ ಸಲ: "ರಕ್ತ ಕಮ್ಮಿ."
ಎರಡನೇ ಸಲ: "ಊಟ ಜಾಸ್ತಿ."
ಒಂದೂವರೆ ರೊಟ್ಟಿ ಉಣ್ಣಾಕಿ ನಾನು, ಅದನ್ನ ಹೇಳಾಕ ಬಾಯಿ ತೆಗೆದೆ,
ಗೊಗ್ಗರು ದನಿ ಹೊರಗ ಬರೂದ್ರೊಳಗ
ಮುಂದಿನವರ ಹೆಸರು ಓದಿ ಆಗಿತ್ತು.
ಮೂರನೇ ಸಲ ನನ್ನ ಗಂಡನ್ನ ನೋಡಿ ಹೇಳಿದ್ರು:
"ನಲವತ್ತು ದಾಟಿದ ಹೆಣ್ಮಕ್ಕಳು ಹಿಂಗೇ. ಟೆನ್ಷನ್ ತಗೋತಾರ."
ಗಂಡ ಗೋಣು ಹಾಕಿದ.
ಇಬ್ಬರೂ ನನ್ನ ಬಗ್ಗೆ ಎಷ್ಟು ಚಂದ ಮಾತಾಡ್ಕೊಂಡ್ರು,
ನಾ ಅಲ್ಲಿ ಇಲ್ಲೇನೋ ಅನ್ನುವಂಗ.

ಕೂದಲು ಬಾಚಣಿಕೆಯಾಗ. ತಪ್ಪು ಚಿಲ್ಲರೆಯಾಗ:
ಆರು ತಿಂಗಳಾಗ ಕೈಯಿಂದ ಕಟ್ಟಿದ್ದು ಎಂಟು ನೂರ ನಲವತ್ತು ರೂಪಾಯಿ.
ಯಾವ ಸ್ಟಾಪಿನ್ಯಾಗ ಯಾರು ಹತ್ತಿದ್ರು ಅನ್ನೂದು
ಜಾರಿದ ನಾಣ್ಯದಂಗ ಸೀಟಿನ ಕೆಳಗ ಉರುಳಿ ಹೋಗ್ತದ.

ಹೊಸಾ ಯೂನಿಫಾರ್ಮ್ ಹೊಲಿಸಾಕ ಜೈತುನ್‌ಬಿ ಅಂಗಡಿಗೆ ಹೋದೆ.
ಟೇಪು ಕೊರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತ ಸುತ್ತಿದಳು.
ಹಳೇ ವಹಿ ತೆಗೆದು ನೋಡಿದಳು.
"ಹೋದ ವರ್ಷ ಹದಿಮೂರೂವರೆ, ಬಸಲಿಂಗಮ್ಮ. ಈಗ ಹದಿನೈದು.
ತೋಳು ಅರ್ಧ ಇಂಚು ಏರ್ಯಾದ, ಆತು.
ಕೊರಳು ಒಂದೂವರೆ ಯಾಕ?"
ಎರಡು ಬೆರಳು ಇಟ್ಟಳು ಗಂಟಲ ಕೆಳಗ,
ಸೀಮೆಸುಣ್ಣ ಹತ್ತಿದ ಬೆರಳು.
"ನುಂಗು" ಅಂದಳು. ನುಂಗಿದೆ.
ಏನೋ ಒಂದು ಏರಿ ಇಳೀತು.
ಅಷ್ಟು ದಿನದಾಗ ನನ್ನ ಕೊರಳು ಮುಟ್ಟಿದಾಕಿ ಅಕಿ ಒಬ್ಬಾಕಿನೇ.

ನಾಲ್ಕನೇ ಸಲ ಗಂಡನ್ನ ಕರಕೊಳ್ಳಲಿಲ್ಲ.
ಟಿಕೆಟ್ ರೋಲಿನ ಕಾಗದದ ಮ್ಯಾಲ ಬರಕೊಂಡಿದ್ದೆ,
ಬಿಚ್ಚಿದ್ರ ಮೊಳ ಉದ್ದ: ಚಳಿ, ದನಿ, ಕೂದಲು, ಚಿಲ್ಲರೆ, ಒಂದೂವರೆ ಇಂಚು.
ಸಾಹೇಬ್ರು ನೋಡಲಿಲ್ಲ. ಬೆರಳು ಬೆಲ್ಲಿನ ಮ್ಯಾಲ.
ಟ್ರಿಣ್.
ಹೊರಗ ಟೋಕನ್ ಮೂವತ್ತೆಂಟು ಎದ್ದು ನಿಂತ ಸಪ್ಪಳ.

ಬೆಲ್ಲಿನ ಕೆಲಸ ನಂದೂ ಅದರಿ, ಸಾಹೇಬ್ರ.
ಬಾಗಲದಾಗ ಮುದುಕಿ ಒಂದು ಕಾಲು ನೆಲಕ್ಕಿಟ್ಟಿದ್ರ
ಇನ್ನೊಂದು ಕಾಲು ಇಳಿಯೂತನಕ ನಾ ರೈಟ್ ಅನ್ನಂಗಿಲ್ಲ.
ಡ್ರೈವರ್ ಬೈತಾನ, ಹಿಂದಿನ ಗಾಡಿ ಹಾರ್ನ್ ಹೊಡೀತದ,
ಅನ್ನಂಗಿಲ್ಲ.
ನಂದು ಇನ್ನೂ ಸ್ಟಾಪ್ ಬಂದಿಲ್ರಿ.

ಇದನ್ನೆಲ್ಲ ಅಂದೆ ಅಂತ ಹೇಳಬೇಕು ಅನಸ್ತದ. ಅರ್ಧ ಅಂದೆ.
ಉಳಿದ ಅರ್ಧ ಗಂಟಲಾಗ ಆ ಗಂಟಿನ ಬಾಜೂ ಕುಂತಿತ್ತು.
ಖರೆ, ಕುರ್ಚಿ ಬಿಟ್ಟು ಏಳಲಿಲ್ಲ.
ಸಿಟ್ಟಿಲೇ ಬರೆದ್ರು, ಪೆನ್ನು ಕಾಗದ ಹರಿಯೂ ಹಂಗ,
ಮೂರು ಇಂಗ್ಲಿಷ್ ಅಕ್ಷರ.
"ಹೋಗ್ರಿ, ರಕ್ತ ತಪಾಸ್ ಮಾಡಿಸ್ರಿ. ಏನೂ ಇರಂಗಿಲ್ಲ."

ಇತ್ತು. ಐದರೊಳಗ ಇರಬೇಕಾದದ್ದು ಎಪ್ಪತ್ತೆಂಟು.
ರಿಪೋರ್ಟ್ ನೋಡಿ ಸಾಹೇಬ್ರು "ಹೂಂ" ಅಂದ್ರು.
ಆ ಹೂಂನೊಳಗ ಏನರ ಅದ ಏನು ಅಂತ
ಭಾಳ ಹೊತ್ತು ಹುಡುಕಿದೆ.

ಈಗ ನಸುಕಿನ ನಾಲ್ಕೂವರೆಗೆ ಬರೇ ಹೊಟ್ಟೀಲೆ ಸಣ್ಣ ಬಿಳಿ ಗುಳಿಗಿ,
ಚಹಾಕ್ಕ ಒಂದು ತಾಸು ತಡಿ.
ದನಿ ಪೂರಾ ಬಂದಿಲ್ಲ.
ಡ್ರೈವರ್ ಮಲ್ಲಣ್ಣಗ ತಗಡು ಬಡದು ಹೇಳ್ತೀನಿ:
ಒಂದು ಬಡಿದ್ರ ನಿಲ್ಲು, ಎರಡು ಬಡಿದ್ರ ಹೋಗು.
ಜೈತುನ್‌ಬಿ ಕಾಲರಿನ ಒಳಗ ಬಟ್ಟಿ ಮಡಚಿ ಬಿಟ್ಟಾಳ,
"ಇಳದ್ರ ಹಿಡೀತೀನಿ, ಏರಿದ್ರ ಬಿಡತೀನಿ" ಅಂತ.